ನನ್ನ ಬಾಳು, ನಾಲ್ವರ ಕೊರಳು

ಕೊಡಗಿನ ಯಾವುದಾದರೂ ಕೊಡವ ಮದುವೆಗೆ ಹೋಗಿ ನೋಡಿ. ಅಂಗಳದಲ್ಲಿ ವಾಲಗ ಜೋರಾಗಿರುತ್ತದೆ. ಕೊಂಬು ಒಮ್ಮೆ ಕೂಗಿದರೆ ಹುಡುಗರ ಕಾಲು ತಾನಾಗಿ ಎದ್ದು ಬಿಡುತ್ತದೆ. ಅಡುಗೆಯ ಕಡೆಯಿಂದ ಪಂದಿಕರಿಯ ಘಾಟು, ಕಡಂಬುಟ್ಟಿನ ಹಬೆ. ಈ ಗದ್ದಲದ ನಡುವೆಯೇ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದ ನಾಲ್ವರು ಗಂಡಸರು ಕೈಯಲ್ಲಿ ಪುಟ್ಟ ದುಡಿ ಹಿಡಿದು ಹಾಡಲು ತೊಡಗುತ್ತಾರೆ. ಮೊದಮೊದಲು ಯಾರೂ ಅತ್ತ ತಲೆ ಹಾಕುವುದಿಲ್ಲ. ರಾಗ ಏರುವುದಿಲ್ಲ, ಇಳಿಯುವುದಿಲ್ಲ. ಗೊತ್ತಿಲ್ಲದವರಿಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿದಂತೆ ಕೇಳುತ್ತದೆ.

ಸ್ವಲ್ಪ ಹೊತ್ತಾದ ಮೇಲೆ ಹಾಡಿನೊಳಗೆ ಒಂದು ಮನೆತನದ ಹೆಸರು ಬರುತ್ತದೆ. ಆಮೇಲೆ ಊರಿನ ಹೆಸರು. ಆಮೇಲೆ ಮದುಮಗನ ಅಜ್ಜನದು. ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿಯ ದವಡೆ ನಿಲ್ಲುತ್ತದೆ. ಪಕ್ಕದಲ್ಲಿದ್ದ ಮೊಮ್ಮಗಳ ಮೊಣಕೈ ತಿವಿದು, ಕೇಳು ಅನ್ನುವಂತೆ ಗದ್ದ ಎತ್ತುತ್ತಾರೆ.

ಇದು ಬಾಳೋಪಾಟ್. ‘ಬಾಳೋ’ ಎಂದು ಹರಸುತ್ತ ಸಾಗುವ ಹಾಡಾದ್ದರಿಂದ ಈ ಹೆಸರು. ಕೊಡಗಿನ ಹೊರಗಿನವರು ಇದನ್ನು ಹುತ್ತರಿ ಸಮಯದ ಟಿವಿ ಸುದ್ದಿಯಲ್ಲೋ ದಸರಾ ಮೆರವಣಿಗೆಯಲ್ಲೋ ಅರೆನಿಮಿಷ ನೋಡಿ, ‘ಜಾನಪದ ಕಲೆ’ ಎಂಬ ಗೂಡಿಗೆ ಹಾಕಿ ಮರೆತಿರುತ್ತಾರೆ. ಆದರೆ ಇಂದು ಹೊಸ ಆಲ್ಬಂ ಬಿಡುಗಡೆ ಮಾಡುವ ಗಾಯಕರೆಲ್ಲ ‘ಇದು ನನ್ನ ಬದುಕಿನ ತೀರಾ ಖಾಸಗಿ ಕೆಲಸ’ ಎನ್ನುತ್ತಿರುವ ಕಾಲದಲ್ಲಿ ಈ ನಾಲ್ವರತ್ತ ಇನ್ನೊಮ್ಮೆ ನೋಡಬೇಕು. ಒಬ್ಬ ಮನುಷ್ಯನ ಬದುಕನ್ನು ಹಾಡಾಗಿಸುವ ಕೆಲಸ ಇಲ್ಲಿ ಹಳೆಯದು. ವ್ಯತ್ಯಾಸ ಒಂದೇ: ಇಲ್ಲಿ ತನ್ನ ಬದುಕನ್ನು ತಾನೇ ಹಾಡಿಕೊಳ್ಳುವಂತಿಲ್ಲ.

‘ನಾನು’ ಹಾಡಲು ಶುರುವಾದದ್ದು

ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವವರು ಲೋಕದಲ್ಲಿ ಎಂದಿನಿಂದಲೂ ಇದ್ದಾರೆ. ನಮ್ಮ ದಾಸರು ಮತ್ತೇನು ಮಾಡಿದರು? ಆದರೆ ಹತ್ತು ಹಾಡುಗಳನ್ನು ಒಂದು ತಟ್ಟೆಯ ಮೇಲೆ ಜೋಡಿಸಿ, ಒಟ್ಟಿಗೆ ಕೇಳಿದಾಗ ಒಬ್ಬರ ಒಳಬದುಕು ತೆರೆದುಕೊಳ್ಳುವಂತೆ ಮಾಡುವ ಪದ್ಧತಿ ಲಾಂಗ್‌ಪ್ಲೇ ರೆಕಾರ್ಡಿನ ಕೂಸು. ಪಶ್ಚಿಮದಲ್ಲಿ 1970ರ ದಶಕದ ಆರಂಭದಲ್ಲಿ ಅದು ಬಲಿಯಿತು. ಜೋನಿ ಮಿಚೆಲ್ ಅವರ ‘ಬ್ಲೂ’ 1971ರದು, ಬಾಬ್ ಡಿಲನ್ ಅವರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ 1975ರದು. ಎರಡನ್ನೂ ಜನ ಹಾಡುಗಾರರ ದಿನಚರಿಯನ್ನು ಕದ್ದು ಓದಿದ ಹಾಗೆ ಕೇಳಿದರು.

ಡಿಲನ್ ಮಾತ್ರ ಒಪ್ಪಲಿಲ್ಲ. ತನ್ನದೊಂದು ಇಡೀ ಆಲ್ಬಂ ಚೆಕಾವ್‌ನ ಸಣ್ಣಕತೆಗಳನ್ನು ಆಧರಿಸಿದ್ದು, ವಿಮರ್ಶಕರು ಅದನ್ನು ಆತ್ಮಕಥೆ ಎಂದುಕೊಂಡರು ಎಂದು ಮುಂದೆ ಬರೆದುಕೊಂಡರು. ಯಾವ ಆಲ್ಬಂ ಎಂದು ಅಲ್ಲಿ ಹೆಸರಿಸಲಿಲ್ಲ. ಓದಿದವರೆಲ್ಲ ಅದು ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಎಂದೇ ತೀರ್ಮಾನಿಸಿದರು. ನಿಜವೋ ಕೀಟಲೆಯೋ, ಆ ಮಾತಿನಲ್ಲಿ ಒಂದು ಎಚ್ಚರಿಕೆಯಿದೆ. ಹಾಡಿನಲ್ಲಿ ‘ನಾನು’ ಎಂದ ಮಾತ್ರಕ್ಕೆ ಹಾಡಿದವನ ಮನೆಯ ಜಗುಲಿಗೇ ಹೋಗಿ ನಿಲ್ಲಬೇಕಾಗಿಲ್ಲ.

ಕನ್ನಡದಲ್ಲಿ ಈ ‘ನಾನು’ 12ನೇ ಶತಮಾನದ ವಚನಗಳಲ್ಲೇ ಗಟ್ಟಿಯಾಗಿ ಮಾತಾಡಿದೆ. ಅಕ್ಕಮಹಾದೇವಿಗಿಂತ ಖಾಸಗಿಯಾಗಿ ಯಾರು ಬರೆದಾರು? ಆದರೆ ಆಧುನಿಕ ಕಾಲಕ್ಕೆ ಬರುವಾಗ ನಾವು ಒಂದು ವಿಚಿತ್ರ ಹಂಚಿಕೆ ಮಾಡಿಕೊಂಡೆವು. ಕವಿ ಬರೆಯುವುದು, ಸಂಗೀತಗಾರ ರಾಗ ಹಾಕುವುದು, ಗಾಯಕ ಹಾಡುವುದು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದ ಮೇಲೆ ಭಾವಗೀತೆ ಮನೆಮನೆಯ ವಸ್ತುವಾಯಿತು. ಸತ್ತ ಮಗುವಿನ ಮುಂದೆ ಹೆಂಡತಿಯ ನೋಟ ಎದುರಿಸಲಾರದೆ ಬೇಂದ್ರೆ ಬರೆದ ಕವಿತೆಯನ್ನು ನಾವು ಕೇಳಿದ್ದು ಬೇರೆಯವರ ಕಂಠದಲ್ಲಿ. ಅದರಿಂದ ಆ ದುಃಖ ತೆಳುವಾಯಿತೆಂದು ಯಾರಿಗೂ ಅನಿಸಲಿಲ್ಲ.

ಈ ಮೂರು ಕೆಲಸಗಳನ್ನು ಒಬ್ಬರೇ ಮಾಡಿ ದೊಡ್ಡ ಹೆಸರು ಗಳಿಸಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಭರತನಾಟ್ಯ ಕಲಿತಿದ್ದ, ಮೈಕ್ರೋಬಯಾಲಜಿ ಓದಿದ್ದ ಹುಡುಗ ಗಿಟಾರ್ ಹಿಡಿದದ್ದು ಗೆಳೆಯನೊಬ್ಬ ನೃತ್ಯವನ್ನು ಗೇಲಿ ಮಾಡಿ ಪಂಥ ಕಟ್ಟಿದ್ದಕ್ಕೆ. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಮುಂಬೈಯಲ್ಲಿ ಪವಾಡಕ್ಕಾಗಿ ಕಾದು ಕೂತವನ ಹಾಡೊಂದು ಇದೆ; ಅವಕಾಶಕ್ಕೆ ಅಲೆದ ಅವರದೇ ದಿನಗಳ ಹಾಡು. ಅದೇ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳೂ ಇವೆ. ತನ್ನ ಕಥೆ ಹೇಳಲು ಹೊರಟವನಿಗೂ 19ನೇ ಶತಮಾನದ ಒಬ್ಬ ಸಂತನ ಮಾತು ಬೇಕಾಯಿತು. ಕನ್ನಡದ ‘ನಾನು’ ಒಂಟಿಯಾಗಿ ನಿಲ್ಲಲು ಇಂದಿಗೂ ಸ್ವಲ್ಪ ಹಿಂಜರಿಯುತ್ತದೆ. ಕೊಡಗು ಈ ಹಿಂಜರಿಕೆಯನ್ನೇ ಒಂದು ಪದ್ಧತಿಯಾಗಿ ಕಟ್ಟಿಬಿಟ್ಟಿದೆ.

ಇಬ್ಬರು ಮುಂದೆ, ಇಬ್ಬರು ಹಿಂದೆ

ದುಡಿ ನೋಡಲು ಡಮರುವಿನ ಅಣ್ಣನಂತಿರುತ್ತದೆ: ನಡು ಸಣ್ಣ, ಎರಡು ಬದಿಗೂ ಚರ್ಮ. ಎಡಗೈಯಲ್ಲಿ ಹಿಡಿದು ಬಲಗೈಯ ಸಣ್ಣ ಕೋಲಿನಿಂದ ಬಡಿಯುತ್ತಾರೆ. ಎಲ್ಲ ಚರ್ಮವಾದ್ಯಗಳಂತೆ ಇದಕ್ಕೂ ತೇವ ಆಗದು. ಕೊಡಗಿನ ಮಳೆಗಾಲದಲ್ಲಿ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ, ಒಲೆಯ ಬಿಸಿ ತೋರಿಸಿದರೆ ಮತ್ತೆ ಬಿಗಿಯುತ್ತದೆ.

ಹಾಡುವ ಕ್ರಮ ಸರಳ. ಇಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದಿಬ್ಬರು ಅದನ್ನೇ ಮರಳಿ ಹೇಳುತ್ತಾರೆ. ಕೇಳುವವರಿಗೆ ಇದು ಬರೀ ಪುನರುಕ್ತಿ. ಹಾಡುವವರಿಗೆ ಅದೇ ಉಸಿರು. ಹಿಂದಿನ ಜೋಡಿ ಸಾಲನ್ನು ಎತ್ತಿಕೊಂಡ ಆ ಕೆಲವು ಕ್ಷಣಗಳಲ್ಲಿ ಮುಂದಿನ ಜೋಡಿ ಬರುವ ಸಾಲನ್ನು ನೆನಪಿನಿಂದ ಹೆಕ್ಕುತ್ತದೆ, ಇಲ್ಲವೇ ಅಲ್ಲೇ ಕಟ್ಟುತ್ತದೆ. ಎದುರು ಕೂತವರ ಮನೆತನ ಯಾವುದು, ಹೆಣ್ಣು ಯಾವ ಊರಿನವಳು, ಗಂಡಿನ ಕಾರೋಣ, ಅಂದರೆ ಮೂಲಪುರುಷ, ಯಾರು ಎಂಬುದನ್ನೆಲ್ಲ ಹಳೆಯ ಅಚ್ಚಿನ ಸಾಲುಗಳೊಳಗೆ ಹೊಂದಿಸಿ ಕೂರಿಸಬೇಕು. ಬರೆದಿಟ್ಟ ಪಠ್ಯವಿಲ್ಲ, ಆದರೆ ಬಾಯಿಗೆ ಬಂದದ್ದೆಲ್ಲ ಹಾಡಲೂ ಆಗದು. ಸಾಲಿನ ತೂಕ, ಪ್ರಾಸ, ಜೋಡಿಪದಗಳು ಎಲ್ಲ ಹಿಂದಿನಿಂದ ಬಂದವು. ಹೆಸರುಗಳು ಮಾತ್ರ ಇಂದಿನವು.

ಹಾಗಾದರೆ ಈ ಹಾಡಿನ ಕವಿ ಯಾರು? ನಾಲ್ವರಲ್ಲಿ ಯಾರೂ ಅಲ್ಲ, ನಾಲ್ವರೂ ಹೌದು. ಹಾಡಿಸಿಕೊಂಡವನದೂ ಒಂದು ಪಾಲುಂಟು, ಏಕೆಂದರೆ ಅವನು ಬದುಕಿ ಕೊಟ್ಟ ಸಾಮಗ್ರಿಯ ಮೇಲೆಯೇ ಹಾಡು ನಿಂತಿದೆ.

ಸಂದರ್ಭಕ್ಕೆ ತಕ್ಕಂತೆ ಪಾಟ್ ಬದಲಾಗುತ್ತದೆ. ಮದುವೆಗೆ ಮಂಗಲ ಪಾಟ್. ಪುತ್ತರಿಯಲ್ಲಿ, ಅಂದರೆ ಹುತ್ತರಿ ಹಬ್ಬದಲ್ಲಿ, ಕದಿರು ತೆಗೆದ ಮೇಲೆ ಮನೆಯಿಂದ ಮನೆಗೆ ಹೋಗಿ ಆ ಮನೆಯನ್ನೂ ಮನೆಯವರನ್ನೂ ಕೊಂಡಾಡುವುದು ಮನೆ ಪಾಟ್. ಕಾವೇರಿ, ಇಗ್ಗುತಪ್ಪ ಮೊದಲಾದ ದೇವರ ಹಾಡುಗಳಿವೆ. ಕತ್ತಿ ಹಿಡಿದು ಸತ್ತ ವೀರರ ಕಥನಗಳಿವೆ. ಪ್ರತಿಯೊಂದನ್ನೂ ಇಲ್ಲಿ ಬಿಡಿಸುತ್ತ ಕೂರುವುದಿಲ್ಲ. ಅವುಗಳ ನಡಿಗೆಯಲ್ಲಿ ಒಂದು ಸಮಾನ ಅಂಶ ಇದೆ, ಅದು ಮುಖ್ಯ.

ಆಕಾಶದಿಂದ ಅಂಗಳಕ್ಕೆ

ಇಂದಿನ ಖಾಸಗಿ ಹಾಡು ಒಳಗಿನಿಂದ ಹೊರಗೆ ನಡೆಯುತ್ತದೆ. ನನ್ನ ಕೋಣೆ, ನನ್ನ ನಿದ್ದೆಯಿಲ್ಲದ ರಾತ್ರಿ, ಆಮೇಲೆ ಬೇಕಿದ್ದರೆ ಲೋಕ. ಬಾಳೋಪಾಟ್ ಇದಕ್ಕೆ ತದ್ವಿರುದ್ಧ. ಅದು ದೇವರು, ಸೂರ್ಯ, ಚಂದ್ರ, ಭೂಮಿಯಿಂದ ಹೊರಡುತ್ತದೆ. ಲೋಕದ ನಾಡುಗಳ ನಡುವೆ ಕೊಡಗನ್ನು ಗುರುತಿಸುತ್ತದೆ. ಮಡಿಕೇರಿಯಿಂದ ಆಳಿದ ಅರಸರನ್ನು ನೆನೆಯುತ್ತದೆ. ಅಲ್ಲಿಂದ ನಾಡು, ಊರು, ಕೇರಿ, ಒಕ್ಕ ಎಂದು ಒಂದೊಂದೇ ಮೆಟ್ಟಿಲಿಳಿದು, ಮನೆತನದ ಮೂಲಮನೆಯಾದ ಐನ್‌ಮನೆಯ ಬಾಗಿಲು ದಾಟಿ, ಅದರ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಕೆಳಗೆ ಬಂದು, ಕೊನೆಗೆ ಅಲ್ಲಿ ನಿಂತ ಹುಡುಗನ ಭುಜದ ಮೇಲೆ ಕೈಯಿಡುತ್ತದೆ.

ಒಕ್ಕ ಎಂದರೆ ಒಬ್ಬನೇ ಮೂಲಪುರುಷನಿಂದ ಗಂಡುವಂಶದಲ್ಲಿ ಹರಿದು ಬಂದ ಕುಟುಂಬ. ಕೊಡವರ ಹೆಸರು ಹೇಳುವ ಕ್ರಮ ನೋಡಿದರೂ ಇದೇ ನಡಿಗೆ: ಮೊದಲು ‘ಅಂಡ’, ‘ಇರ’ ಎಂದು ಮುಗಿಯುವ ಮನೆತನದ ಹೆಸರು, ಆಮೇಲೆ ವ್ಯಕ್ತಿಯದು. ಮನುಷ್ಯ ಇಲ್ಲಿ ತನ್ನ ಮನೆಯ ಹಿಂದೆ ನಿಲ್ಲುತ್ತಾನೆ. ಹಾಡೂ ಅವನನ್ನು ಅಲ್ಲಿಯೇ ಹುಡುಕುತ್ತದೆ.

ಇಂಥ ಕೆಲಸ ಕರ್ನಾಟಕದ ಬೇರೆ ಕಡೆ ಇಲ್ಲವೆಂದಲ್ಲ. ಬಯಲುಸೀಮೆಯ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಗಳನ್ನು ಒಪ್ಪಿಸಿ ಹೋಗುತ್ತಿದ್ದರು. ಆದರೆ ಹೆಳವರ ಕಾಯಕ ಮುಖ್ಯವಾಗಿ ವಂಶಾವಳಿಯ ಲೆಕ್ಕ. ದುಡಿಯವರು ಅದಕ್ಕೆ ಸುಖ, ದುಃಖ, ಹೆಣ್ಣು ತವರು ಬಿಡುವ ಸಂಕಟ ಎಲ್ಲವನ್ನೂ ಸೇರಿಸುತ್ತಾರೆ.

ಎರಡು ಗುಂಡು, ಒಂದು ಹಾಡು

ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವ ಪದ್ಧತಿ ಇದೆ, ಸಾವಾದರೆ ಎರಡು. ಕಾಫಿತೋಟಗಳ ಆಚೆ, ಫೋನು ಇಲ್ಲದ ಕಾಲದಲ್ಲಿ, ಇದೇ ಸುದ್ದಿ. ಒಂದರ ಹಿಂದೆ ಇನ್ನೊಂದು ಗುಂಡು ಕೇಳಿದರೆ ಕೆಲಸ ಬಿಟ್ಟು ಜನ ಹೊರಡುತ್ತಿದ್ದರು. ಆ ಮನೆಯಲ್ಲಿ ಹಾಡುತ್ತಿದ್ದುದು ಚಾವು ಪಾಟ್.

ಸತ್ತವನ ಬದುಕು ಮೊದಲಿಂದ ಕೊನೆಯವರೆಗೆ ಇದರಲ್ಲಿ ಬರುತ್ತದೆ. ಅವನು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು, ಮನೆ ಕಟ್ಟಿ ಬಾಳಿದ್ದು, ಕಾಯಿಲೆ ಬಿದ್ದದ್ದು, ಮದ್ದು ಹುಡುಕಿದ್ದು, ಯಾವ ಮದ್ದೂ ತಾಗದೆ ಹೋದದ್ದು. ಹಾಡು ಯಾವುದನ್ನೂ ಮುಚ್ಚುವುದಿಲ್ಲ, ಯಾವುದಕ್ಕೂ ಅವಸರ ಮಾಡುವುದಿಲ್ಲ. ಶವದ ಮುಂದೆ ಕೂತವರಿಗೆ ತಾವು ಕಳೆದುಕೊಂಡದ್ದು ಏನೆಂದು ಒಂದೊಂದಾಗಿ ಎಣಿಸಿ ಹೇಳುತ್ತದೆ. ಅಳು ಬಾರದವರಿಗೂ ಅಳಲು ಅನುವು ಮಾಡಿಕೊಡುತ್ತದೆ.

ನಮ್ಮ ಕಾಲದಲ್ಲಿ ಇದಕ್ಕೆ ಹತ್ತಿರ ಬಂದದ್ದು, ನನ್ನ ಪ್ರಕಾರ, ಲಿಯೊನಾರ್ಡ್ ಕೋಹೆನ್ ಅವರ ಕೊನೆಯ ದಿನಗಳ ಆಲ್ಬಂ. ‘ಯು ವಾಂಟ್ ಇಟ್ ಡಾರ್ಕರ್’ 2016ರ ಅಕ್ಟೋಬರ್ 21ರಂದು ಬಿಡುಗಡೆಯಾಯಿತು, ನವೆಂಬರ್ 7ರಂದು ಅವರು ತೀರಿಕೊಂಡರು. ಮೈಯಲ್ಲಿ ಶಕ್ತಿ ಇರಲಿಲ್ಲ. ಮನೆಯ ಹಾಲಿನಲ್ಲೇ ರೋಗಿಯ ಕುರ್ಚಿಯಲ್ಲಿ ಕೂತು, ಊಟದ ಮೇಜಿನ ಮೇಲೆ ಮೈಕು ಇಟ್ಟುಕೊಂಡು ಹಾಡಿದರು; ಮಗ ಆಡಂ ಕೆಲಸ ಮುಗಿಸಿಕೊಟ್ಟರು. ತನ್ನ ಚಾವು ಪಾಟನ್ನು ತಾನೇ ಹಾಡಿ ಹೋದ ಮನುಷ್ಯ ಎನ್ನಬಹುದು.

ಆದರೆ ಕೋಹೆನ್ ಅದನ್ನು ತಾನೇ ಹಾಡಬೇಕಾಯಿತು. ಹಾಡದಿದ್ದರೆ ಹೇಳುವವರು ಇರಲಿಲ್ಲ. ಕೊಡಗಿನ ರೈತನಿಗೆ ಆ ಚಿಂತೆ ಇರಲಿಲ್ಲ. ನಾಲ್ಕು ಜನ ಬಂದು ಹಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಈಗ ಆ ಭರವಸೆ ತೆಳುವಾಗಿದೆ. ಸಾವಿನ ಮನೆಗೆ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಸಂಜೆಗೆ ಮರಳುವವರ ವೇಳಾಪಟ್ಟಿಯಲ್ಲಿ ಉದ್ದದ ಹಾಡಿಗೆ ಜಾಗವಿಲ್ಲ. ಬಾಳೋಪಾಟಿನ ಎಲ್ಲ ಬಗೆಗಳಲ್ಲಿ ಮೊದಲು ಮರೆಯಾಗುತ್ತಿರುವುದು ಇದು. ವೇದಿಕೆಯ ಮೇಲೆ ಮದುವೆ ಹಾಡನ್ನು ಪ್ರದರ್ಶಿಸಬಹುದು, ಸ್ಪರ್ಧೆ ಇಡಬಹುದು. ಚಾವು ಪಾಟಿಗೆ ಸ್ಪರ್ಧೆ ಇಡುವುದು ಹೇಗೆ?

ಪೊಲೀಸನ ಪುಸ್ತಕ

ಇದೆಲ್ಲ ನಮಗೆ ಇಷ್ಟಾದರೂ ತಿಳಿದಿರುವುದು ಒಬ್ಬ ಪೊಲೀಸ್ ಅಧಿಕಾರಿಯಿಂದ. ನಡಿಕೇರಿಯಂಡ ಚಿಣ್ಣಪ್ಪ 1875ರಲ್ಲಿ ಹುಟ್ಟಿದವರು. ಊರೂರು ಸುತ್ತುವ ನೌಕರಿ, ಹಾಡಿನ ಹುಚ್ಚು, ಎರಡೂ ಒಬ್ಬರಲ್ಲೇ ಕೂಡಿದ್ದು ಕೊಡಗಿನ ಪುಣ್ಯ. ಹಿರಿಯರ ಬಾಯಿಂದ ಕೇಳಿದ ಹಾಡು, ಗಾದೆ, ಒಗಟು, ಪದ್ಧತಿಗಳನ್ನು ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಪುಸ್ತಕವಾಗಿ ತಂದರು. ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲೇ ಕೆಲವು ಕೊಡವ ಹಾಡುಗಳನ್ನು ಬರೆದುಕೊಂಡಿದ್ದರು, ನಿಜ. ಆದರೆ ಹಾಡುವ ಜನರ ನಡುವಿನಿಂದಲೇ ಒಬ್ಬ ಎದ್ದು, ಇಷ್ಟು ವಿಸ್ತಾರವಾಗಿ, ಹುಟ್ಟಿನಿಂದ ಸಾವಿನವರೆಗಿನದನ್ನು ಕೂಡಿಸಿಟ್ಟದ್ದು ಇಲ್ಲೇ ಮೊದಲು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ತಮ್ಮ ಪ್ರಸಿದ್ಧ ಗ್ರಂಥಕ್ಕೆ ಈ ಪುಸ್ತಕವನ್ನು ಆಧಾರವಾಗಿ ಬಳಸಿಕೊಂಡರು.

ಚಿಣ್ಣಪ್ಪ ಬರೀ ಸಂಗ್ರಹಕಾರರಲ್ಲ, ತಾವೂ ಕವಿ. ಭಗವದ್ಗೀತೆಯನ್ನು ಕೊಡವ ಪಾಟಿನ ರೂಪಕ್ಕೆ ತಂದರು. ಇಂದಿಗೂ ಕೊಡವ ಸಭೆಗಳಲ್ಲಿ ಕಾವೇರಿಯನ್ನು ನೆನೆದು ಹಾಡುವ ‘ಶ್ರೀ ಮೂಲ ಕನ್ನಿಯೇ’ ಅವರದೇ ರಚನೆ. ಹಾಡುವ ಎಷ್ಟೋ ಮಂದಿಗೆ ಅದಕ್ಕೊಬ್ಬ ಕವಿ ಇದ್ದಾನೆಂಬುದೇ ಮರೆತಿದೆ. ಬಾಳೋಪಾಟಿನ ಲೋಕದಲ್ಲಿ ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇರಲಾರದು.

1931ರಲ್ಲಿ ಅವರು ತೀರಿಕೊಂಡರು. 2003ರಲ್ಲಿ ಪುಸ್ತಕ ಇಂಗ್ಲಿಷಿಗೆ ಬಂತು. ಅನುವಾದಿಸಿದವರು ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ; ಇಬ್ಬರೂ ಆ ಚಿಣ್ಣಪ್ಪನವರ ಮೊಮ್ಮಕ್ಕಳು. ಇದೇ ದಂಪತಿ ಕೊಡಗಿನ ಐನ್‌ಮನೆಗಳನ್ನು ಸುತ್ತಿ ದಾಖಲಿಸುವ ಕೆಲಸವನ್ನೂ ಮಾಡಿದರು.

ನಡಿಕೇರಿಯಂಡ ಚಿಣ್ಣಪ್ಪನವರ ಸಮಕಾಲೀನ ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿ (1868–1944) ಇನ್ನೊಂದು ದಾರಿ ಹಿಡಿದರು. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂದು ಹಾಡುಗಳಿಂದ ತುಂಬಿದ ನಾಟಕಗಳನ್ನು ಕೊಡವ ಭಾಷೆಯಲ್ಲಿ ಬರೆದರು. ದುಡಿಯ ಹಾಡಿಗೆ ಹೊರತಾದ ಕೊಡವ ಹಾಡು, ಬರೆದವನ ಹೆಸರು ಹೊತ್ತ ಹಾಡು, ಹೀಗೆ ಬೆಳೆಯಿತು. ಇಂದಿನ ಕೊಡವ ಗೀತರಚನೆಕಾರರೆಲ್ಲ ಆ ಲೆಕ್ಕದಲ್ಲಿ ಅಪ್ಪಚ್ಚ ಕವಿಯ ಒಕ್ಕದವರು.

ಹಾಡಾಗದೆ ಉಳಿದ ಬಾಳು

ಬಾಳೋಪಾಟನ್ನು ಹೊಗಳುತ್ತ ಹೋಗುವುದು ಸುಲಭ. ಆದರೆ ಯಾರ ಬದುಕು ಈ ಹಾಡಿಗೆ ಯೋಗ್ಯವೆನಿಸಿತು ಎಂದೂ ಕೇಳಬೇಕು. ಐನ್‌ಮನೆ ಇದ್ದವನದು, ಗದ್ದೆ ಇದ್ದವನದು, ಕತ್ತಿ ಕೋವಿ ಹಿಡಿದವನದು. ಅದೇ ಮದುವೆಯ ಅಂಗಳದಲ್ಲಿ ವಾದ್ಯ ಬಾರಿಸುವವರು ಬೇರೆ ಸಮುದಾಯದವರು. ಕೊಡವರ ಸಮಾರಂಭಗಳಿಗೆ ಪರೆ ಬಡಿಯುವುದು ಬಿದಿರು ಹೆಣೆಯುವ ಮೇದರ ಪಾಲಿಗೆ ಬಂದ ಕೆಲಸ. ಗದ್ದೆಯಲ್ಲಿ ನಾಟಿ ಮಾಡಿದ್ದು ಎರವರು. ಅವರ ಅಜ್ಜನ ಹೆಸರು ಆ ಹಾಡಿನಲ್ಲಿ ಇರಲಿಲ್ಲ.

ಅವರಿಗೂ ಅವರದೇ ಹಾಡುಗಳುಂಟು. ಎರವರಲ್ಲೂ ದುಡಿ ಇದೆ. ಗೋಣಿಕೊಪ್ಪದ ಹತ್ತಿರದ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದ ದಿನ, ಕಾಡಿನ ಜನ ವೇಷ ಹಾಕಿ, ಕೈಗೆ ಸಿಕ್ಕಿದ ಡಬ್ಬಿ ಬಡಿಯುತ್ತ, ದೇವರನ್ನೂ ದಾರಿಹೋಕರನ್ನೂ ಒಂದೇ ಸಮನೆ ಬಯ್ಯುತ್ತ ಹಾಡುತ್ತಾರೆ. ವರ್ಷವಿಡೀ ನುಂಗಿಕೊಂಡದ್ದು ಒಂದು ದಿನ ಹೊರಬರುತ್ತದೆ. ಖಾಸಗಿ ನೋವಿನ ಹಾಡು ಬೇಕೆನ್ನುವವರು ಅಲ್ಲಿಗೂ ಹೋಗಿ ಬರಬಹುದು; ಕಿವಿ ಸ್ವಲ್ಪ ಗಟ್ಟಿ ಇರಬೇಕು.

ಹೆಂಗಸರ ಮಾತೂ ಹೀಗೆಯೇ. ದುಡಿ ಹಿಡಿದು ಕೂತವರು ಬಹುಮಟ್ಟಿಗೆ ಗಂಡಸರೇ. ಹೆಂಗಸರಿಗೆ ಕಾವೇರಿಯ ಕಥೆಯ ಸುತ್ತ ವೃತ್ತವಾಗಿ ಕುಣಿಯುವ ಉಮ್ಮತ್ತಾಟ್ ಇತ್ತು. ಅದನ್ನು ಉಳಿಸಿ ಬೆಳೆಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಹೆಣ್ಣಿನ ಒಂಟಿ ದನಿ, ನನ್ನ ಕಥೆ ಇದು ಎನ್ನುವ ದನಿ, ಕೊಡಗಿನಲ್ಲಿ ಹಾಡಿಗಿಂತ ಮೊದಲು ಕನ್ನಡದ ಸಣ್ಣಕತೆಯಲ್ಲಿ ಕೇಳಿಸಿತು. 27ನೇ ವಯಸ್ಸಿಗೇ ನೀರುಪಾಲಾದ ಕೊಡಗಿನ ಗೌರಮ್ಮ (1912–1939) ವಿಧವೆಯರ, ವಂಚಿತೆಯರ ಒಳಗುದಿಯನ್ನು ಬರೆದರು. ಅವರ ಕತೆಗಳಿಗೆ ದುಡಿಯ ಆಸರೆ ಬೇಕಾಗಲಿಲ್ಲ, ಸಿಗುತ್ತಲೂ ಇರಲಿಲ್ಲ.

ಗಾಜಿನ ಕೋಣೆಯಲ್ಲಿ ದುಡಿ

ಈಗ ಇದೇ ಹಾಡನ್ನು ಸ್ಟುಡಿಯೋಗೆ ಒಯ್ದರೆ ಏನಾಗುತ್ತದೆ? ಇಂದಿನ ಧ್ವನಿಮುದ್ರಣದ ಸಾಮಾನ್ಯ ಕ್ರಮ ಇದು: ಹೆಡ್‌ಫೋನಿನಲ್ಲಿ ಗಡಿಯಾರದಂತೆ ಟಿಕ್ ಟಿಕ್ ಎನ್ನುವ ಕ್ಲಿಕ್ ಹಾಕುತ್ತಾರೆ. ಅದಕ್ಕೆ ಸರಿಯಾಗಿ ಮೊದಲು ತಾಳ, ಆಮೇಲೆ ಗಿಟಾರ್ ಅಥವಾ ಕೀಬೋರ್ಡ್, ಕೊನೆಗೆ ದನಿ, ಹೀಗೆ ಒಂದೊಂದನ್ನೂ ಬೇರೆ ಬೇರೆ ಹಾಡಿಸಿ ನುಡಿಸಿ ಹೆಣೆಯುತ್ತಾರೆ. ತಪ್ಪಿದ ಕಡೆ ಅಷ್ಟನ್ನೇ ತಿದ್ದಬಹುದು. ಸ್ವರ ಜಾರಿದರೆ ಯಂತ್ರ ಎತ್ತಿ ನಿಲ್ಲಿಸುತ್ತದೆ.

ಒಬ್ಬನೇ ಹಾಡುವ ಖಾಸಗಿ ಆಲ್ಬಂಗೆ ಈ ಏಕಾಂತ ಹಿತ. ಅರ್ಧರಾತ್ರಿ, ಒಬ್ಬನೇ, ಹತ್ತನೇ ಸಲ ಹಾಡಿದಾಗ ಸಿಗುವ ಒಂದು ಬಿರುಕು ಅಲ್ಲಿ ಚಿನ್ನ. ಬಾಳೋಪಾಟಿಗೆ ಅದೇ ಇಕ್ಕಟ್ಟು. ನಾಲ್ಕು ದುಡಿಗಳ ಪೆಟ್ಟು ಕೂದಲೆಳೆಯಷ್ಟು ಹಿಂದೆಮುಂದೆ ಬೀಳುತ್ತದೆ. ಆ ಎಳೆಯಷ್ಟು ಅಂತರದಿಂದಲೇ ನಾಲ್ವರಿದ್ದಾರೆ ಎಂದು ಕಿವಿಗೆ ಗೊತ್ತಾಗುವುದು. ಕ್ಲಿಕ್‌ಗೆ ಹೊಂದಿಸಿದರೆ ನಾಲ್ಕು ದುಡಿ ಒಂದೇ ಆಗಿ ಕೇಳುತ್ತದೆ. ಹಾಡುವವರೂ ಒಬ್ಬರ ಮುಖ ಒಬ್ಬರು ನೋಡಿ ಸಾಲು ಎತ್ತಬೇಕು, ಗಾಜಿನ ಗೋಡೆ ನೋಡಿಯಲ್ಲ.

ಅದಕ್ಕಿಂತ ದೊಡ್ಡ ತೊಡಕು ಅವಧಿಯದು. ಗಂಟೆಗಟ್ಟಲೆ ನಡೆಯುವ ಹಾಡು ನಾಲ್ಕು ನಿಮಿಷಕ್ಕೆ ಇಳಿಯಬೇಕು. ಆಗ ಯಾವುದನ್ನು ಕತ್ತರಿಸುತ್ತಾರೆ? ಹೆಸರುಗಳನ್ನು. ಎಲ್ಲರಿಗೂ ಸಲ್ಲಬೇಕಾದರೆ ಯಾರ ಅಜ್ಜನ ಹೆಸರೂ ಇರಕೂಡದು. ಹೀಗೆ ಉಳಿಯುವುದು ನಾಡಿನ ವರ್ಣನೆ, ಕಾವೇರಿಯ ಸ್ತುತಿ, ಬಾಳೋ ಎಂಬ ಹರಕೆ. ಮೈ ಬಂತು, ಜೀವ ಅಂಗಳದಲ್ಲೇ ಉಳಿಯಿತು.

ಹೊಸ ಕೊಡವ ಹಾಡುಗಳಲ್ಲಿ ಬಹಳಷ್ಟು ಇದೇ ಹಾದಿ ಹಿಡಿದಿವೆ. ಇಂಪಾಗಿ ಹಾಡುವ ಹುಡುಗ ಹುಡುಗಿಯರಿದ್ದಾರೆ, ಚಂದದ ವಿಡಿಯೋಗಳಿವೆ. ಆದರೆ ಸಾಹಿತ್ಯ ಎಂದರೆ ಮಂಜು, ಬೆಟ್ಟ, ಕಾಫಿ ಹೂ, ಕುಪ್ಯ ಚೇಲೆಯ ಬಿಗುಮಾನ. ಪ್ರವಾಸೋದ್ಯಮದ ಪೋಸ್ಟರಿಗೆ ಸಂಗೀತ ಹಾಕಿದಂತಿರುತ್ತದೆ. ಹಾಡಬೇಕಾದ ಬದುಕುಗಳು ಕೊಡಗಿನಲ್ಲಿ ಬೇಕಾದಷ್ಟಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ತೋಟ ಎರಡೂ ಕಳೆದುಕೊಂಡವರಿದ್ದಾರೆ. ಐನ್‌ಮನೆಗೆ ಬೀಗ ಹಾಕಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತ ಮುದುಕರಿದ್ದಾರೆ. ಆನೆ ದಾಟುವ ತೋಟದಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗುವ ಹೆಂಗಸು ಇದ್ದಾಳೆ. ಅಜ್ಜಿಯ ಮಾತು ಅರ್ಥವಾಗುತ್ತದೆ, ತಿರುಗಿ ಹೇಳಲು ಮಾತ್ರ ಬಾರದ ಮೊಮ್ಮಗ ಇದ್ದಾನೆ. ಇವರಲ್ಲಿ ಒಬ್ಬರ ಹಾಡು ಬಂದರೂ ಅದು ನಾಡಗೀತೆಗಿಂತ ದೂರ ಹೋದೀತು.

ಕೇಳುಗರೆಷ್ಟು ಎಂಬ ಪ್ರಶ್ನೆಯೂ ಇದೆ. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಎಂದವರು 1,13,857 ಮಂದಿ. ಬೆಂಗಳೂರಿನ ಎರಡು ಮೂರು ವಾರ್ಡುಗಳ ಜನಸಂಖ್ಯೆ. ಯುನೆಸ್ಕೊ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಈ ಭಾಷೆಯ ಮೊದಲ ಸಿನಿಮಾ ‘ನಾಡ ಮಣ್ಣ್ ನಾಡ ಕೂಳ್’ 1972ರಲ್ಲೇ ಬಂದರೂ ಉದ್ಯಮ ಬೆಳೆಯಲಿಲ್ಲ. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ ಇದೆ, ಮಡಿಕೇರಿ ಆಕಾಶವಾಣಿ ಕೊಡವ, ಅರೆಭಾಷೆ ಎರಡಕ್ಕೂ ಜಾಗ ಕೊಟ್ಟಿದೆ. ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಆಲ್ಬಂ ಮಾಡಿ ಹೊಟ್ಟೆ ಹೊರೆಯಲಾಗದು. ಒಂದು ರೀತಿಯಲ್ಲಿ ಅದೇ ಬಿಡುಗಡೆ. ಲಕ್ಷಾಂತರ ವ್ಯೂಸ್ ಬೇಡವೆಂದ ಮೇಲೆ ಎಲ್ಲರಿಗೂ ಸಲ್ಲಲೇಬೇಕೆಂಬ ಹಂಗಾದರೂ ಏಕೆ? ಒಂದೇ ಒಕ್ಕದ ಐವತ್ತು ಜನರಿಗಾಗಿ, ಅವರ ಹೆಸರುಗಳೊಂದಿಗೆ, ಒಂದು ಗಂಟೆಯ ಹಾಡು ಮುದ್ರಿಸಿದರೆ ತಡೆಯುವವರಾರು? ಹಾಗೆ ಮುದ್ರಿಸಿದ್ದೇ ಕೊಡಗಿನ ನಿಜವಾದ ಸ್ಟುಡಿಯೋ ಆಲ್ಬಂ ಎನ್ನುವುದು ನನ್ನ ಅಭಿಪ್ರಾಯ.

ಅದಕ್ಕೆ ದೊಡ್ಡ ಖರ್ಚೇನೂ ಬೇಡ. ನಿಮ್ಮ ಮನೆಯಲ್ಲಿ ಮುಂದಿನ ಮದುವೆಯೋ ಪುತ್ತರಿಯೋ ಬಂದಾಗ ಪಾಟ್ ಹಾಡುವವರಿಗೆ ಮೊದಲೇ ಫೋನ್ ಮಾಡಿ. ಅಜ್ಜ, ಮುತ್ತಜ್ಜರ ಜತೆಗೆ ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಚೀಟಿಯಲ್ಲಿ ಬರೆದು ಕೊಡಿ. ಬೇಗ ಮುಗಿಸಿ ಎನ್ನಬೇಡಿ. ಡಿಜೆಯವರಿಗೆ ಅಷ್ಟು ಹೊತ್ತು ಚಹಾ ಕೊಟ್ಟು ಕೂರಿಸಿ. ನಾಲ್ವರ ನಡುವೆ ಒಂದು ಫೋನನ್ನು ಸ್ಟೂಲಿನ ಮೇಲಿಟ್ಟು ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡಿ. ಆ ಕಡತಕ್ಕೆ ದಿನಾಂಕ, ಊರು, ಒಕ್ಕ, ಹಾಡಿದ ನಾಲ್ವರ ಹೆಸರು ಹಾಕಿ, ಒಂದು ಪ್ರತಿ ಮನೆಯಲ್ಲಿಡಿ, ಒಂದನ್ನು ಅಕಾಡೆಮಿಗೆ ಕೊಡಿ.